ಪ್ರವಾಸಿ ವೀಸಾ ಮತ್ತು ವಾಸದ ಅನುಮತಿ: ಹೊರಡುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ಹುಬ್ಬಳ್ಳಿಯಲ್ಲಿ ನಿವೃತ್ತರಾದ ಅಧ್ಯಾಪಕರೊಬ್ಬರು ಮಗನ ಸಂಸಾರದೊಡನೆ ನೆಲೆಸಲು ಪುಣೆಯ ಮಗರಪಟ್ಟಾಕ್ಕೆ ಬರಬೇಕಾದರೆ ಯಾರ ಅನುಮತಿಯನ್ನೂ ಕೇಳಬೇಕಾಗಿಲ್ಲ. ರೈಲಿನ ಟಿಕೆಟು ದೊರೆತರೆ ಸಾಕು. ದೇಶದ ಯಾವುದೇ ಭಾಗದಲ್ಲಿ ಸಂಚರಿಸುವ, ವಾಸಿಸುವ ಹಾಗೂ ನೆಲೆಸುವ ಹಕ್ಕನ್ನು ಸಂವಿಧಾನದ 19ನೆಯ ಅನುಚ್ಛೇದವು ಪ್ರತಿಯೊಬ್ಬ ನಾಗರಿಕನಿಗೂ ನೀಡಿದೆ. ಅದೇ ಅಧ್ಯಾಪಕರು ಅಮೆರಿಕದಲ್ಲಿರುವ ಮಗಳ ಮನೆಗೆ ಹೊರಟಾಗ ಈ ಹಕ್ಕು ನಮ್ಮ ಗಡಿಯಲ್ಲೇ ನಿಲ್ಲುತ್ತದೆ. ಅಲ್ಲಿಂದ ಮುಂದೆ ಅವರ ಕೈಯಲ್ಲಿರುವುದು ಇನ್ನೊಂದು ಸರ್ಕಾರವು ನೀಡಿದ ಅನುಮತಿ. ಅದು ಭೇಟಿಗೆ ನೀಡಿದ ಅನುಮತಿಯೇ ಅಥವಾ ವಾಸಕ್ಕೆ ನೀಡಿದ ಅನುಮತಿಯೇ ಎಂಬುದರ ಮೇಲೆ ಅವರ ಅಲ್ಲಿನ ಬದುಕಿನ ಬಹುಪಾಲು ಸಂಗತಿಗಳು ಅವಲಂಬಿಸಿರುತ್ತವೆ.

ಪುಣೆ ನಗರದ ಪೂರ್ವಕ್ಕೆ, ಸೊಲ್ಲಾಪುರ ರಸ್ತೆಯ ಹಡಪ್ಸರದ ಬಳಿಯಿರುವ ಮಗರಪಟ್ಟಾವನ್ನು ಈ ಪಾಠಕ್ಕೆ ಉದಾಹರಣೆಯಾಗಿ ತೆಗೆದುಕೊಳ್ಳಲು ಕಾರಣವಿದೆ. ಒಂದು ಕಾಲಕ್ಕೆ ಹೊಲಗಳಿದ್ದ ಈ ಸ್ಥಳದಲ್ಲಿ ಸುಮಾರು 120 ಕೃಷಿಕ ಕುಟುಂಬಗಳು ತಮ್ಮ 400 ಎಕರೆಗೂ ಹೆಚ್ಚು ಭೂಮಿಯನ್ನು ಒಗ್ಗೂಡಿಸಿ, 2000ನೆಯ ಇಸವಿಯಿಂದೀಚೆಗೆ ಬಡಾವಣೆಯೊಂದನ್ನು ಕಟ್ಟಿದವು. ಭೂಮಿಯನ್ನು ಮಾರಿ ಹೊರಟುಹೋಗದೆ, ಅದರಲ್ಲಿ ತಮ್ಮ ಪಾಲನ್ನು ಉಳಿಸಿಕೊಂಡದ್ದು ಆ ಕುಟುಂಬಗಳ ವಿವೇಕ. ಇಂದು ಅಲ್ಲಿ ಮಾಹಿತಿ ತಂತ್ರಜ್ಞಾನದ ಕಚೇರಿಗಳಿವೆ. ಅವುಗಳನ್ನು ನಂಬಿ ಬಂದ ಕನ್ನಡಿಗರೂ ಸೇರಿದಂತೆ ಹಲವು ಭಾಷೆಗಳ ಕುಟುಂಬಗಳಿವೆ. ಇಂತಹ ಬಡಾವಣೆಗಳಲ್ಲಿ ಒಬ್ಬ ಮಗ ಇಲ್ಲಿ, ಒಬ್ಬ ಮಗಳು ಅಲ್ಲಿ ಎಂಬ ಸಂಸಾರಗಳು ವಿರಳವಲ್ಲ. ಮಗಳ ಬಾಣಂತನಕ್ಕೆಂದು ತಾಯಿ ಹೊರಡುತ್ತಾರೆ. ಆರು ತಿಂಗಳು ಕಳೆದ ಮೇಲೆ ಬೀಗಿತ್ತಿ ಹೊರಡುತ್ತಾರೆ. ಮರುವರ್ಷ ಮತ್ತೆ ತಾಯಿಯ ಸರದಿ ಬರುತ್ತದೆ. ಹೀಗೆ ಭೇಟಿಯೇ ವಾಸವಾಗಿ ಪರಿಣಮಿಸುವುದು ಮನೆಯವರ ಗಮನಕ್ಕೂ ಬರುವುದಿಲ್ಲ. ಕಾನೂನಿನ ಗಮನಕ್ಕೆ ಮಾತ್ರ ಬರುತ್ತದೆ.

ವೀಸಾದ ಅವಧಿ ಬೇರೆ, ವಾಸದ ಅವಧಿ ಬೇರೆ

ಮೊದಲು ತಿಳಿಯಬೇಕಾದ ಸಂಗತಿ ಇದು. ವೀಸಾದ ಮೇಲೆ ಮುದ್ರಿತವಾಗಿರುವ ಕೊನೆಯ ದಿನಾಂಕವು, ಎಂದಿನವರೆಗೆ ಆ ದೇಶದ ಬಾಗಿಲಿಗೆ ಹೋಗಿ ಪ್ರವೇಶ ಕೇಳಬಹುದು ಎಂಬುದನ್ನು ಮಾತ್ರ ತಿಳಿಸುತ್ತದೆ. ಒಳಗೆ ಎಷ್ಟು ದಿನ ಇರಬಹುದು ಎಂಬುದು ಪ್ರತ್ಯೇಕ ನಿರ್ಣಯ.

ಅಮೆರಿಕವು ಭಾರತೀಯರಿಗೆ ನೀಡುವ ಸಂದರ್ಶಕ ವೀಸಾ ಸಾಮಾನ್ಯವಾಗಿ 10 ವರ್ಷಗಳದ್ದಾಗಿರುತ್ತದೆ. ಇದರಿಂದ 10 ವರ್ಷ ಅಲ್ಲಿರಬಹುದೆಂದು ಭಾವಿಸುವುದು ತಪ್ಪು. ಪ್ರತಿ ಬಾರಿ ವಿಮಾನ ನಿಲ್ದಾಣದಲ್ಲಿ ಇಳಿದಾಗ ಅಲ್ಲಿನ ಅಧಿಕಾರಿಯು ವಾಸದ ಅವಧಿಯನ್ನು ನಿರ್ಧರಿಸುತ್ತಾರೆ. ಅದು ಸಾಮಾನ್ಯವಾಗಿ ಆರು ತಿಂಗಳು. ಈ ದಿನಾಂಕವು ಐ-94 ಎಂಬ ಆಗಮನ ದಾಖಲೆಯಲ್ಲಿ ನಮೂದಾಗುತ್ತದೆ. ಹೋದವರು ಮನೆ ಸೇರಿದ ಕೂಡಲೆ ಈ ದಾಖಲೆಯನ್ನು ಗಣಕಯಂತ್ರದಲ್ಲಿ ತೆರೆದು ನೋಡಿ, ದಿನಾಂಕವನ್ನು ಬರೆದಿಟ್ಟುಕೊಳ್ಳುವುದು ಲೇಸು. ಅವಧಿ ಮುಗಿಯುವ ಮುನ್ನ ವಿಸ್ತರಣೆಗೆ ಅರ್ಜಿ ಸಲ್ಲಿಸಬಹುದು. ಮುಗಿದ ಮೇಲೆ ಸಲ್ಲಿಸಿದ ಅರ್ಜಿಗೆ ಸಾಮಾನ್ಯವಾಗಿ ಬೆಲೆಯಿಲ್ಲ.

ಅವಧಿ ಮೀರಿ ಉಳಿದವರ ವಿಷಯದಲ್ಲಿ ಆ ದೇಶವು 1996ನೆಯ ಇಸವಿಯಲ್ಲಿ ಕಟ್ಟುನಿಟ್ಟಾದ ಕಾನೂನನ್ನು ರೂಪಿಸಿತು. ಅವಧಿ ಮೀರಿದೊಡನೆ ಆ ವೀಸಾ ರದ್ದಾದಂತೆಯೇ. 180 ದಿನಗಳಿಗಿಂತ ಹೆಚ್ಚು ಕಾಲ ಅನಧಿಕೃತವಾಗಿ ಉಳಿದು ಹೊರಟವರು ಮುಂದಿನ ಮೂರು ವರ್ಷ, ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಉಳಿದು ಹೊರಟವರು ಮುಂದಿನ 10 ವರ್ಷ ಆ ದೇಶವನ್ನು ಪ್ರವೇಶಿಸುವಂತಿಲ್ಲ. ಅರುವತ್ತೈದು ದಾಟಿದ ತಾಯಿಯೊಬ್ಬರಿಗೆ 10 ವರ್ಷಗಳ ನಿಷೇಧವೆಂದರೆ ಮೊಮ್ಮಗಳು ಬೆಳೆದು ದೊಡ್ಡವಳಾಗುವುದನ್ನು ಅಲ್ಲಿ ಹೋಗಿ ನೋಡುವ ಅವಕಾಶವು ಬಹುಶಃ ಶಾಶ್ವತವಾಗಿ ತಪ್ಪಿದಂತೆ.

ಇತರ ದೇಶಗಳ ಪದ್ಧತಿ

ಬ್ರಿಟನ್ನಿನಲ್ಲಿ ಎರಡು, ಐದು ಮತ್ತು 10 ವರ್ಷಗಳ ಸಂದರ್ಶಕ ವೀಸಾಗಳು ದೊರೆಯುತ್ತವೆಯಾದರೂ ಒಂದು ಭೇಟಿಯಲ್ಲಿ ಆರು ತಿಂಗಳಿಗಿಂತ ಹೆಚ್ಚು ಇರುವಂತಿಲ್ಲ. ಅಷ್ಟೇ ಅಲ್ಲದೆ, ಮೇಲಿಂದ ಮೇಲೆ ಭೇಟಿ ನೀಡುತ್ತ ಆ ದೇಶವನ್ನೇ ತನ್ನ ಮುಖ್ಯ ಮನೆಯನ್ನಾಗಿ ಮಾಡಿಕೊಳ್ಳಬಾರದೆಂದು ಅಲ್ಲಿನ ನಿಯಮವು ಸ್ಪಷ್ಟವಾಗಿ ಹೇಳುತ್ತದೆ.

ಜರ್ಮನಿ, ಫ್ರಾನ್ಸ್, ನೆದರ್‌ಲ್ಯಾಂಡ್ಸ್ ಮೊದಲಾದ 29 ಯುರೋಪಿಯನ್ ದೇಶಗಳು ಷೆಂಗೆನ್ ಒಪ್ಪಂದದ ವ್ಯಾಪ್ತಿಯಲ್ಲಿವೆ. ಇಲ್ಲಿ ಯಾವುದೇ 180 ದಿನಗಳಲ್ಲಿ ಒಟ್ಟು 90 ದಿನ ಮಾತ್ರ ಸಂದರ್ಶಕರಾಗಿ ಇರಬಹುದು. ಬರ್ಲಿನ್ನಿನಲ್ಲಿ 60 ದಿನ ಕಳೆದು, ಪ್ಯಾರಿಸ್ಸಿನಲ್ಲಿ ಹೊಸದಾಗಿ ಎಣಿಕೆ ಆರಂಭಿಸಲಾಗದು. ಎಲ್ಲ ದೇಶಗಳ ದಿನಗಳೂ ಒಂದೇ ಲೆಕ್ಕಕ್ಕೆ ಸೇರುತ್ತವೆ. 2025ರ ಅಕ್ಟೋಬರ್ 12ರಿಂದ ಈ ದೇಶಗಳು ಪಾಸ್‌ಪೋರ್ಟಿನ ಮೊಹರಿಗೆ ಬದಲಾಗಿ ಬೆರಳಚ್ಚು ಮತ್ತು ಮುಖಚಿತ್ರದೊಡನೆ ಆಗಮನ ನಿರ್ಗಮನಗಳನ್ನು ಗಣಕಯಂತ್ರದಲ್ಲಿ ದಾಖಲಿಸುವ ವ್ಯವಸ್ಥೆಯನ್ನು ಆರಂಭಿಸಿವೆ. ಮಸುಕಾದ ಮೊಹರನ್ನು ನಂಬಿ ಒಂದೆರಡು ದಿನ ಹೆಚ್ಚು ಕಳೆಯುತ್ತಿದ್ದ ಕಾಲ ಹೋಯಿತು.

ಕೆನಡಾ ಮತ್ತು ಆಸ್ಟ್ರೇಲಿಯಾಗಳು ತಂದೆತಾಯಂದಿರ ಈ ಸಮಸ್ಯೆಯನ್ನು ಗುರುತಿಸಿ ಮಧ್ಯಮ ಮಾರ್ಗವೊಂದನ್ನು ಕಲ್ಪಿಸಿವೆ. ಕೆನಡಾ 2011ರ ಡಿಸೆಂಬರಿನಲ್ಲಿ ಆರಂಭಿಸಿದ ಸೂಪರ್ ವೀಸಾದಲ್ಲಿ ಮೊದಲು ಒಮ್ಮೆಗೆ ಎರಡು ವರ್ಷ ಇರಬಹುದಾಗಿತ್ತು. 2022ರ ಜುಲೈ 4ರಿಂದ ಅದು ಐದು ವರ್ಷಗಳಿಗೆ ಏರಿತು. ಆದರೆ ಕನಿಷ್ಠ ಒಂದು ಲಕ್ಷ ಕೆನಡಾ ಡಾಲರುಗಳ ಆರೋಗ್ಯ ವಿಮೆ, ವೈದ್ಯಕೀಯ ತಪಾಸಣೆ ಹಾಗೂ ಮಕ್ಕಳ ಆದಾಯದ ರುಜುವಾತು ಕಡ್ಡಾಯ. ಆಸ್ಟ್ರೇಲಿಯಾ 2019ರಲ್ಲಿ ಜಾರಿಗೆ ತಂದ, 870ನೆಯ ಉಪವರ್ಗದ ತಾತ್ಕಾಲಿಕ ವೀಸಾದಲ್ಲಿ ಮೂರು ಅಥವಾ ಐದು ವರ್ಷ, ಒಟ್ಟಿನಲ್ಲಿ 10 ವರ್ಷಗಳವರೆಗೆ ತಂದೆತಾಯಂದಿರು ಇರಬಹುದು. ಇವೆರಡೂ ದೀರ್ಘವಾದ ಭೇಟಿಗಳೇ ಹೊರತು ಶಾಶ್ವತ ವಾಸದ ಹಕ್ಕುಗಳಲ್ಲ ಎಂಬುದನ್ನು ಮರೆಯಬಾರದು.

ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ಬಹುಕಾಲ ಬೇರೊಂದು ರೂಢಿಯಿತ್ತು. ಸಂದರ್ಶಕ ವೀಸಾ ಮುಗಿಯುತ್ತಿದ್ದಂತೆ ಇರಾನಿನ ಕೀಶ್ ದ್ವೀಪಕ್ಕೋ ಒಮಾನಿನ ಗಡಿಗೋ ಹೋಗಿ, ಹೊಸ ವೀಸಾ ಪಡೆದು ಮರಳುವುದು. ಇದನ್ನು ವರ್ಷಗಟ್ಟಲೆ ನಡೆಸಿದವರಿದ್ದರು. ಇಂದು ಅಲ್ಲಿ ಅವಧಿ ಮೀರಿದ ಪ್ರತಿ ದಿನಕ್ಕೂ 50 ದಿರ್ಹಮ್ ದಂಡವಿದೆ. 2024ರ ಸೆಪ್ಟೆಂಬರ್ 1ರಿಂದ ಡಿಸೆಂಬರ್ 31ರವರೆಗೆ ಆ ದೇಶವು ಕ್ಷಮಾದಾನದ ಅವಧಿಯನ್ನು ಘೋಷಿಸಿ, ದಂಡವಿಲ್ಲದೆ ಮರಳಲು ಅಥವಾ ಕಾಗದಪತ್ರಗಳನ್ನು ಸರಿಪಡಿಸಿಕೊಳ್ಳಲು ಅವಕಾಶ ನೀಡಿತು. ಅಂತಹ ಅವಕಾಶ ಮತ್ತೆ ಬರುವುದೆಂದು ನಂಬಿ ಕೂರುವುದು ಜಾಣತನವಲ್ಲ.

ಎಣಿಕೆಗೆ ಬಾರದ ವರ್ಷಗಳು

ಭೇಟಿಯ ವಾಸದಲ್ಲಿರುವ ಮುಖ್ಯ ಕೊರತೆ ಏನೆಂದರೆ ಆ ದಿನಗಳು ಯಾವ ಹಕ್ಕಿನ ಲೆಕ್ಕಕ್ಕೂ ಜಮೆಯಾಗುವುದಿಲ್ಲ. ಖಾಯಂ ವಾಸದ ಅನುಮತಿ ಪಡೆದು ಐದು ವರ್ಷ ಅಮೆರಿಕದಲ್ಲಿದ್ದವರು ಅಲ್ಲಿನ ಪೌರತ್ವಕ್ಕೆ ಅರ್ಜಿ ಸಲ್ಲಿಸಬಹುದು. ಸಂದರ್ಶಕರಾಗಿ 15 ವರ್ಷ ಹೋಗಿ ಬಂದವರು 16ನೆಯ ವರ್ಷವೂ ಸಂದರ್ಶಕರೇ. ಪ್ರತಿ ಬಾರಿಯೂ ಅಧಿಕಾರಿಯ ಮುಂದೆ ನಿಂತು, ತಾವು ಮರಳಿ ಹೋಗುವವರೆಂದು ಮನವರಿಕೆ ಮಾಡಿಕೊಡಬೇಕು. ಹಿಂದಿನ ಭೇಟಿಗಳು ಹೆಚ್ಚಿದಷ್ಟೂ ಈ ಮನವರಿಕೆ ಸುಲಭವಾಗುವುದೆಂದು ಹಲವರು ತಿಳಿಯುತ್ತಾರೆ. ವಸ್ತುಸ್ಥಿತಿ ಹಾಗಿಲ್ಲ. ವರ್ಷದಲ್ಲಿ ಭಾರತಕ್ಕಿಂತ ಹೆಚ್ಚು ದಿನ ಅಲ್ಲಿಯೇ ಕಳೆದಿರುವುದು ಕಂಡುಬಂದರೆ, ಇವರು ಅತಿಥಿಗಳಲ್ಲ, ಕಾಗದವಿಲ್ಲದ ನಿವಾಸಿಗಳು ಎಂಬ ಸಂದೇಹಕ್ಕೆ ಎಡೆಯಾಗುತ್ತದೆ.

ಮಗರಪಟ್ಟಾದ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ತಂದೆ ಸರ್ಕಾರಿ ಸೇವೆಯಿಂದ ನಿವೃತ್ತರಾದವರು. ತಾಯಿಗೆ ಸಕ್ಕರೆ ಕಾಯಿಲೆ. ಒಬ್ಬಳೇ ಮಗಳು ನ್ಯೂಜೆರ್ಸಿಯಲ್ಲಿ ಎಚ್-1ಬಿ ವೀಸಾದ ಮೇಲೆ ಉದ್ಯೋಗದಲ್ಲಿದ್ದಾಳೆ. “ಇಲ್ಲಿ ಇನ್ನು ಯಾರಿಗಾಗಿ ಮನೆ?” ಎಂದು ಫ್ಲ್ಯಾಟನ್ನು ಮಾರಿ, ಹಣವನ್ನು ಬ್ಯಾಂಕಿನಲ್ಲಿಟ್ಟು, ಆರು ತಿಂಗಳು ಅಲ್ಲಿ, ಒಂದು ತಿಂಗಳು ನೆಂಟರ ಮನೆಯಲ್ಲಿ, ಮತ್ತೆ ಆರು ತಿಂಗಳು ಅಲ್ಲಿ ಎಂದು ದಂಪತಿಗಳು ವ್ಯವಸ್ಥೆ ಮಾಡಿಕೊಳ್ಳುತ್ತಾರೆ. ಮೂರನೆಯ ಸಲ ಹೋದಾಗ ಅಧಿಕಾರಿಯು ಆರು ತಿಂಗಳಿಗೆ ಬದಲಾಗಿ ಒಂದು ತಿಂಗಳ ಅವಧಿಯನ್ನಷ್ಟೇ ನೀಡಬಹುದು, ಇಲ್ಲವೇ ಅದೇ ವಿಮಾನದಲ್ಲಿ ಹಿಂದಿರುಗಲು ಹೇಳಬಹುದು. ಅವೆರಡೂ ಅವರ ಅಧಿಕಾರದಲ್ಲಿರುವ ಸಂಗತಿಗಳು. ಆಗ ಹಿಂದಿರುಗುವುದು ಎಲ್ಲಿಗೆ?

ಇನ್ನು, ತಾಯಿ ಅಲ್ಲಿಯೇ ಕಾಯಿಲೆ ಬಿದ್ದರೆನ್ನೋಣ. ಪ್ರವಾಸಿಗರ ಆರೋಗ್ಯ ವಿಮೆಯು ಸಾಮಾನ್ಯವಾಗಿ ಮೊದಲೇ ಇದ್ದ ಕಾಯಿಲೆಗಳ ವೆಚ್ಚವನ್ನು ಭರಿಸುವುದಿಲ್ಲ, ಅಥವಾ ಅಲ್ಪ ಮಿತಿಗೆ ಒಳಪಡಿಸಿರುತ್ತದೆ. ಸಂದರ್ಶಕರಿಗೆ ಅಲ್ಲಿನ ಸರ್ಕಾರಿ ಆರೋಗ್ಯ ಯೋಜನೆಗಳು ಅನ್ವಯಿಸುವುದಿಲ್ಲ. 70 ವರ್ಷ ಮೀರಿದ ಎಲ್ಲರಿಗೂ 2024ರ ಅಕ್ಟೋಬರಿನಿಂದ ವಿಸ್ತರಿಸಿದ ನಮ್ಮ ಆಯುಷ್ಮಾನ್ ಭಾರತ ಯೋಜನೆಯ ಸೌಲಭ್ಯವು ಭಾರತದ ಆಸ್ಪತ್ರೆಗಳಲ್ಲಿ ಮಾತ್ರ ದೊರೆಯುತ್ತದೆ. ಚಿಕಿತ್ಸೆಯ ಕಾರಣದಿಂದ ಹೆಚ್ಚು ದಿನ ಉಳಿಯಬೇಕಾಗಿ ಬಂದಲ್ಲಿ, ವೈದ್ಯರ ಪತ್ರದೊಡನೆ ಅವಧಿ ಮುಗಿಯುವ ಮುನ್ನವೇ ವಿಸ್ತರಣೆಗೆ ಅರ್ಜಿ ಹಾಕಬೇಕು. ಆಸ್ಪತ್ರೆಯ ಗಡಿಬಿಡಿಯಲ್ಲಿ ಈ ದಿನಾಂಕವನ್ನು ಮರೆಯುವವರೇ ಹೆಚ್ಚು.

ವಾಸದ ಅನುಮತಿ: ದೊರೆಯುವುದೇನು, ಕೇಳುವುದೇನು

ಖಾಯಂ ವಾಸದ ಅನುಮತಿ ಪಡೆದವರು ದಿನ ಎಣಿಸಬೇಕಾಗಿಲ್ಲ. ಉದ್ಯೋಗ ಮಾಡಬಹುದು, ಮನೆಯನ್ನು ತಮ್ಮ ಹೆಸರಿನಲ್ಲಿ ನಡೆಸಬಹುದು, ಆಯಾ ದೇಶದ ನಿಯಮದಂತೆ ಆರೋಗ್ಯ ಸೇವೆಯನ್ನು ಪಡೆಯಬಹುದು. ಅಮೆರಿಕದಲ್ಲಿ 65 ವರ್ಷ ದಾಟಿದ ಖಾಯಂ ನಿವಾಸಿಯು ಐದು ವರ್ಷಗಳ ನಿರಂತರ ವಾಸದ ನಂತರ ಮೆಡಿಕೇರ್ ಯೋಜನೆಗೆ ಹಣ ಕಟ್ಟಿ ಸೇರಬಹುದು.

ಆದರೆ ಈ ಅನುಮತಿ ಬಯಸಿದವರಿಗೆಲ್ಲ ದೊರೆಯುವುದಿಲ್ಲ. ಅಮೆರಿಕದ ಪೌರತ್ವ ಪಡೆದು 21 ವರ್ಷ ತುಂಬಿದ ಮಗ ಅಥವಾ ಮಗಳು ಮಾತ್ರ ತಂದೆತಾಯಂದಿರಿಗಾಗಿ ಗ್ರೀನ್ ಕಾರ್ಡಿನ ಅರ್ಜಿ ಸಲ್ಲಿಸಬಹುದು. ಈ ವರ್ಗಕ್ಕೆ ವಾರ್ಷಿಕ ಸಂಖ್ಯಾಮಿತಿಯಿಲ್ಲ. ಮಕ್ಕಳು ತಾವೇ ಗ್ರೀನ್ ಕಾರ್ಡಿನಲ್ಲಿದ್ದರೆ ಅಥವಾ ಎಚ್-1ಬಿ ವೀಸಾದಲ್ಲಿದ್ದರೆ ಈ ಮಾರ್ಗ ತೆರೆದಿರುವುದಿಲ್ಲ. ಉದ್ಯೋಗಾಧಾರಿತ ಗ್ರೀನ್ ಕಾರ್ಡುಗಳಲ್ಲಿ ಯಾವುದೇ ಒಂದು ದೇಶಕ್ಕೆ ಶೇಕಡ 7ರ ಮಿತಿಯಿರುವುದರಿಂದ ಭಾರತೀಯರ ಸರದಿ ಹಲವು ವರ್ಷಗಳಷ್ಟು ದೀರ್ಘವಾಗಿದೆ. ಅಂದರೆ, ಮಗಳಿಗೇ ದೊರೆಯದ ಅನುಮತಿಯನ್ನು ತಾಯಿ ನಿರೀಕ್ಷಿಸುವಂತಿಲ್ಲ. ಬ್ರಿಟನ್ನು 2012ರ ಜುಲೈಯಲ್ಲಿ ನಿಯಮವನ್ನು ಬಿಗಿಗೊಳಿಸಿತು. ವಯಸ್ಸು, ಕಾಯಿಲೆ ಅಥವಾ ಅಂಗವೈಕಲ್ಯದಿಂದ ದೀರ್ಘಕಾಲದ ಆರೈಕೆ ಅಗತ್ಯವಾಗಿದ್ದು, ಅಂತಹ ಆರೈಕೆ ಸ್ವದೇಶದಲ್ಲಿ ದೊರೆಯದೆಂದು ಸಾಬೀತುಪಡಿಸಿದವರಿಗೆ ಮಾತ್ರ ಅಲ್ಲಿ ಅವಕಾಶವಿದೆ. ಪುಣೆಯಂತಹ ನಗರದಲ್ಲಿ ಆಸ್ಪತ್ರೆಗಳೂ ಆರೈಕೆಯವರೂ ಇರುವಾಗ ಇದನ್ನು ಸಾಬೀತುಪಡಿಸುವುದು ಕಷ್ಟಸಾಧ್ಯ.

ಅನುಮತಿ ದೊರೆತ ಮೇಲೂ ಅದು ಕೆಲವು ಕರ್ತವ್ಯಗಳನ್ನು ಹೊರಿಸುತ್ತದೆ. ಗ್ರೀನ್ ಕಾರ್ಡ್ ಹೊಂದಿದವರು ಆ ದೇಶದಲ್ಲಿ ನಿಜವಾಗಿ ವಾಸಿಸಬೇಕು. ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಹೊರಗಿರಬೇಕಾದರೆ ಮೊದಲೇ ಮರುಪ್ರವೇಶ ಪತ್ರ ಪಡೆಯಬೇಕು. ಇಲ್ಲವಾದರೆ ವಾಸವನ್ನು ತ್ಯಜಿಸಿದ್ದಾರೆಂದು ಪರಿಗಣಿಸಬಹುದು. ವರ್ಷಕ್ಕೊಮ್ಮೆ ಹೋಗಿ ಮುಖ ತೋರಿಸಿ ಬರುವುದು ಸಾಕೆಂಬ ಮಾತು ಜನಜನಿತವಾಗಿದೆ, ಅದನ್ನು ನಂಬಬಾರದು. ಊರಿನ ಹಬ್ಬ, ಬಂಧುಗಳ ಮದುವೆ, ಹೊಲಮನೆಗಳ ವ್ಯವಹಾರ ಇವುಗಳನ್ನು ಬಿಡಲಾಗದವರಿಗೆ ಈ ಅನುಮತಿಯೇ ಬಂಧನವಾಗಿ ತೋರಬಹುದು. ಆರು ತಿಂಗಳಿಗಿಂತ ಕಡಿಮೆ ಕಾಲ ಮಕ್ಕಳೊಡನೆ ಇದ್ದು ಬರಲು ಬಯಸುವವರಿಗೆ ಸಂದರ್ಶಕ ವೀಸಾವೇ ಸೂಕ್ತ ಹಾಗೂ ಪ್ರಾಮಾಣಿಕ ಮಾರ್ಗ.

ತೆರಿಗೆ, ಬ್ಯಾಂಕ್ ಖಾತೆ, ಪಿಂಚಣಿ

ವಲಸೆ ಕಾನೂನು ಅತಿಥಿಯೆಂದು ಕರೆಯುವವರನ್ನು ತೆರಿಗೆ ಕಾನೂನು ನಿವಾಸಿಯೆಂದು ಕರೆಯುವ ಸಂದರ್ಭಗಳುಂಟು. ಅಮೆರಿಕದಲ್ಲಿ ಈ ವರ್ಷದ ಪೂರ್ಣ ದಿನಗಳು, ಕಳೆದ ವರ್ಷದ ದಿನಗಳಲ್ಲಿ ಮೂರನೆಯ ಒಂದು ಭಾಗ, ಅದರ ಹಿಂದಿನ ವರ್ಷದ ದಿನಗಳಲ್ಲಿ ಆರನೆಯ ಒಂದು ಭಾಗ ಇವನ್ನು ಕೂಡಿಸಿದಾಗ 183 ಅಥವಾ ಹೆಚ್ಚಾದರೆ ತೆರಿಗೆಯ ದೃಷ್ಟಿಯಲ್ಲಿ ನಿವಾಸಿಯೆಂಬ ಲೆಕ್ಕ. ಪ್ರತಿ ವರ್ಷ 150 ದಿನ ಇದ್ದವರ ಮೊತ್ತ 150, 50 ಮತ್ತು 25 ಸೇರಿ 225 ಆಗುತ್ತದೆ. ಆ ವರ್ಷದಲ್ಲಿ 183ಕ್ಕಿಂತ ಕಡಿಮೆ ದಿನ ಇದ್ದು, ತಮ್ಮ ಮನೆ ಹಾಗೂ ವ್ಯವಹಾರ ಭಾರತದಲ್ಲಿಯೇ ಇವೆಯೆಂದು ನಿಗದಿತ ನಮೂನೆಯಲ್ಲಿ ತಿಳಿಸಿದರೆ ವಿನಾಯಿತಿ ದೊರೆಯಬಹುದು. ಭಾರತದಲ್ಲಿ ಮನೆಯೇ ಇಲ್ಲದವರು ಏನೆಂದು ತಿಳಿಸುತ್ತಾರೆ?

ಭಾರತದ ಕಡೆಯ ನಿಯಮಗಳನ್ನೂ ಗಮನಿಸಬೇಕು. ಒಂದು ಆರ್ಥಿಕ ವರ್ಷದಲ್ಲಿ 182 ದಿನ ಅಥವಾ ಹೆಚ್ಚು ಭಾರತದಲ್ಲಿದ್ದವರು ಆದಾಯ ತೆರಿಗೆಯ ದೃಷ್ಟಿಯಲ್ಲಿ ನಿವಾಸಿಗಳು. ಅದಕ್ಕಿಂತ ಕಡಿಮೆಯಿದ್ದರೂ, ಮಕ್ಕಳನ್ನು ನೋಡಲೆಂದಷ್ಟೇ ಹೋದವರು ಆ ವರ್ಷ 60 ದಿನ ಮತ್ತು ಹಿಂದಿನ ನಾಲ್ಕು ವರ್ಷಗಳಲ್ಲಿ 365 ದಿನ ಇಲ್ಲಿದ್ದಿದ್ದರೆ ನಿವಾಸಿಗಳಾಗಿಯೇ ಉಳಿಯುತ್ತಾರೆ. ಭೇಟಿಗೆ ಹೋದವರ ಬ್ಯಾಂಕ್ ಖಾತೆಯೂ ಮೊದಲಿನಂತೆಯೇ ಮುಂದುವರಿಯುತ್ತದೆ. ಆದರೆ ವಿದೇಶದಲ್ಲಿ ನೆಲೆಸುವ ಉದ್ದೇಶದಿಂದ ವಾಸದ ಅನುಮತಿ ಪಡೆದು ಹೊರಟವರು ವಿದೇಶಿ ವಿನಿಮಯ ಕಾನೂನಿನ ಪ್ರಕಾರ ಅನಿವಾಸಿಗಳಾಗುತ್ತಾರೆ. ಬ್ಯಾಂಕಿಗೆ ತಿಳಿಸಿ ಖಾತೆಯನ್ನು ಅನಿವಾಸಿ ಖಾತೆಯಾಗಿ ಪರಿವರ್ತಿಸಿಕೊಳ್ಳಬೇಕು.

ಕೇಂದ್ರ ಸರ್ಕಾರದ ಪಿಂಚಣಿದಾರರು ಪ್ರತಿ ವರ್ಷ ನವೆಂಬರಿನಲ್ಲಿ, 80 ವರ್ಷ ಮೀರಿದವರು ಅಕ್ಟೋಬರ್ 1ರಿಂದಲೇ, ಜೀವಂತ ಪ್ರಮಾಣಪತ್ರವನ್ನು ಸಲ್ಲಿಸುವ ಪದ್ಧತಿಯಿದೆ. ವಿದೇಶದಲ್ಲಿರುವವರು 2014ರಲ್ಲಿ ಆರಂಭವಾದ ಜೀವನ್ ಪ್ರಮಾಣ್ ವ್ಯವಸ್ಥೆಯ ಮೂಲಕ, ಅಥವಾ ಭಾರತೀಯ ರಾಯಭಾರ ಕಚೇರಿಯ ಅಧಿಕಾರಿಯ ಮುಂದೆ ಹಾಜರಾಗಿ ಇದನ್ನು ಪೂರೈಸಬಹುದು. ನವೆಂಬರಿನಲ್ಲಿ ಎಲ್ಲಿರುತ್ತೇವೆಂಬುದನ್ನು ಹೊರಡುವ ಮುನ್ನ ಯೋಚಿಸುವುದು ಹಿತ.

ಉದ್ಯೋಗಕ್ಕೆ ಪ್ರವಾಸಿ ವೀಸಾ ಎಂದಿಗೂ ಸಲ್ಲದು

ತಂದೆತಾಯಂದಿರ ಮಾತು ಒಂದು ಬಗೆಯಾದರೆ ಕೆಲಸ ಹುಡುಕುವ ಯುವಕರ ಮಾತು ಇನ್ನೊಂದು ಬಗೆ. “ಮೊದಲು ಪ್ರವಾಸಿ ವೀಸಾದಲ್ಲಿ ಬನ್ನಿ, ಆಮೇಲೆ ವಾಸದ ವೀಸಾ ಮಾಡಿಸಿಕೊಡುತ್ತೇವೆ” ಎಂದು ಹೇಳುವ ಮಧ್ಯವರ್ತಿಗಳ ಬಗ್ಗೆ ಎಚ್ಚರದಿಂದಿರಬೇಕು. 2022ರ ಸೆಪ್ಟೆಂಬರಿನಲ್ಲಿ ವಿದೇಶಾಂಗ ವ್ಯವಹಾರಗಳ ಸಚಿವಾಲಯವು, ಥಾಯ್ಲೆಂಡಿನಲ್ಲಿ ಉದ್ಯೋಗವೆಂದು ನಂಬಿಸಿ ಮಾಹಿತಿ ತಂತ್ರಜ್ಞಾನ ಬಲ್ಲ ಯುವಕರನ್ನು ಗಡಿ ದಾಟಿಸಿ, ಮ್ಯಾನ್ಮಾರಿನಲ್ಲಿ ಬಂಧನದಲ್ಲಿಟ್ಟು ವಂಚನೆಯ ಕೆಲಸ ಮಾಡಿಸುತ್ತಿರುವ ಜಾಲಗಳ ಬಗ್ಗೆ ಎಚ್ಚರಿಕೆ ಪ್ರಕಟಿಸಿತು. 2025ರ ಮಾರ್ಚಿನಲ್ಲಿ ಇಂತಹ ಕೇಂದ್ರಗಳಿಂದ ಬಿಡುಗಡೆಯಾದ 500ಕ್ಕೂ ಹೆಚ್ಚು ಭಾರತೀಯರನ್ನು ವಾಯುಪಡೆಯ ವಿಮಾನಗಳಲ್ಲಿ ಕರೆತರಲಾಯಿತು. ಮಗರಪಟ್ಟಾದಂತಹ ಬಡಾವಣೆಗಳ ಸುತ್ತ ಕೆಲಸಕ್ಕಾಗಿ ಕಾದಿರುವ ಯುವಕರೇ ಇಂತಹ ಜಾಲಗಳ ಗುರಿ.

10ನೆಯ ತರಗತಿ ಪೂರೈಸದವರು ಕೊಲ್ಲಿ ದೇಶಗಳೂ ಸೇರಿದಂತೆ ಅಧಿಸೂಚಿತ 18 ದೇಶಗಳಿಗೆ ಉದ್ಯೋಗಕ್ಕೆ ಹೋಗಬೇಕಾದರೆ 1983ರ ವಲಸೆ ಕಾಯಿದೆಯಂತೆ ಅನುಮತಿ ಪಡೆಯಬೇಕು. ಈ ಅನುಮತಿಯೊಡನೆ ಹೋದವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ 10 ಲಕ್ಷ ರೂಪಾಯಿಗಳ ಅಪಘಾತ ವಿಮೆಯ ರಕ್ಷಣೆಯಿದೆ. ಸಂದರ್ಶಕ ವೀಸಾದಲ್ಲಿ ಹೋಗಿ ದುಡಿದವರಿಗೆ ಈ ವಿಮೆಯೂ ಇಲ್ಲ, ಕೂಲಿ ಕೊಡದಿದ್ದರೆ ನ್ಯಾಯ ಕೇಳಲು ಒಪ್ಪಂದಪತ್ರವೂ ಇಲ್ಲ. ಸಂಕಟದಲ್ಲಿ ಸಿಲುಕಿದವರು ಯಾವ ವೀಸಾದಲ್ಲಿ ಹೋಗಿದ್ದರೂ ಹಿಂಜರಿಯದೆ ಭಾರತೀಯ ರಾಯಭಾರ ಕಚೇರಿಯನ್ನು ಸಂಪರ್ಕಿಸಬೇಕು. 2009ರಲ್ಲಿ ಸ್ಥಾಪಿಸಿದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇಂತಹವರ ನೆರವಿಗಾಗಿಯೇ ಇದೆ.

ನಮ್ಮ ದೇಶದ ಬಾಗಿಲಿನಲ್ಲಿಯೂ ಇದೇ ನ್ಯಾಯ

ಹೊರದೇಶದವರ ನಿಯಮಗಳು ಕಠಿಣವೆಂದು ತೋರಬಹುದು. ನಮ್ಮ ದೇಶದ ಧೋರಣೆಯೂ ಮೂಲತಃ ಇದಕ್ಕಿಂತ ಭಿನ್ನವಲ್ಲ. ಮಗರಪಟ್ಟಾದಿಂದ ಕೆಲವೇ ಕಿಲೋಮೀಟರು ದೂರದ ಕೋರೆಗಾಂವ್ ಪಾರ್ಕಿನಲ್ಲಿ ಧ್ಯಾನಕ್ಕೆಂದು ಬಂದ ವಿದೇಶೀಯರು ಪ್ರವಾಸಿ ವೀಸಾದಲ್ಲಿ ಬಹುಕಾಲ ಇದ್ದು, ಹೋಗಿ ಬಂದು ಮಾಡುತ್ತಿದ್ದುದುಂಟು. 2008ರ ಮುಂಬಯಿ ದಾಳಿಯ ತನಿಖೆಯ ನಂತರ, 2009ರ ಕೊನೆಯಲ್ಲಿ ಭಾರತ ಸರ್ಕಾರವು ಪ್ರವಾಸಿ ವೀಸಾದ ಎರಡು ಭೇಟಿಗಳ ನಡುವೆ ಎರಡು ತಿಂಗಳ ಅಂತರ ಕಡ್ಡಾಯವೆಂದು ನಿಯಮ ಮಾಡಿತು. ನೆರೆ ದೇಶಕ್ಕೆ ಹೋಗಿ ವಾರದಲ್ಲಿ ಮರಳುತ್ತಿದ್ದವರ ವ್ಯವಸ್ಥೆ ಒಮ್ಮೆಗೇ ಕುಸಿಯಿತು. 2012ರ ಕೊನೆಯಲ್ಲಿ ಈ ನಿಯಮವನ್ನು ಬಹುತೇಕ ದೇಶಗಳವರಿಗೆ ತೆಗೆದುಹಾಕಲಾಯಿತು. ಭೇಟಿಯ ವೀಸಾದ ಮೇಲೆ ಕಟ್ಟಿದ ಬದುಕು ಒಂದು ಸುತ್ತೋಲೆಯಿಂದ ಅಲುಗಾಡಬಲ್ಲದು ಎಂಬುದಕ್ಕೆ ಪುಣೆಯೇ ಸಾಕ್ಷಿ.

2025ರ ಸೆಪ್ಟೆಂಬರ್ 1ರಿಂದ ವಲಸೆ ಮತ್ತು ವಿದೇಶೀಯರ ಕಾಯಿದೆ, 2025 ಜಾರಿಗೆ ಬಂದಿದ್ದು, 1920, 1939, 1946 ಮತ್ತು 2000ನೆಯ ಇಸವಿಗಳ ನಾಲ್ಕು ಹಳೆಯ ಕಾಯಿದೆಗಳ ಸ್ಥಾನವನ್ನು ಪಡೆದಿದೆ. ವಿದೇಶೀಯರಿಗೆ ವಸತಿ ನೀಡುವವರು 24 ಗಂಟೆಗಳೊಳಗೆ ಮಾಹಿತಿ ಸಲ್ಲಿಸುವ ನಿಯಮವು ಹೋಟೆಲುಗಳಿಗೆ ಮಾತ್ರವಲ್ಲದೆ ಮನೆಗಳಿಗೂ ಅನ್ವಯಿಸುತ್ತದೆ. ಫ್ಲ್ಯಾಟನ್ನು ವಿದೇಶಿ ವಿದ್ಯಾರ್ಥಿಗೋ ತಂತ್ರಜ್ಞನಿಗೋ ಬಾಡಿಗೆಗೆ ಕೊಡುವ ಮಾಲೀಕರು ಇದನ್ನು ತಿಳಿದಿರಬೇಕು.

ಅಮೆರಿಕದಲ್ಲಿ ಕೆಲವು ವರ್ಷ ಉದ್ಯೋಗ ಮಾಡಿ ಮರಳುವ ಕುಟುಂಬಗಳಿಗೆ ಇನ್ನೊಂದು ಎಚ್ಚರಿಕೆ ಅವಶ್ಯಕ. ತಂದೆತಾಯಿಗಳು ಭಾರತೀಯ ನಾಗರಿಕರು. ಅಲ್ಲಿ ಹುಟ್ಟಿದ ಮಗು ಅಮೆರಿಕದ ಪಾಸ್‌ಪೋರ್ಟ್ ಹೊಂದಿದೆ. ಭಾರತದಲ್ಲಿ ಇಮ್ಮಡಿ ಪೌರತ್ವಕ್ಕೆ ಅವಕಾಶವಿಲ್ಲ. ಟಿಕೆಟು ಕೊಳ್ಳುವ ಅವಸರದಲ್ಲಿ ಮಗುವಿಗೆ ಇ-ಪ್ರವಾಸಿ ವೀಸಾ ಮಾಡಿಸಿ ತಂದು, ಶಾಲೆಗೆ ಸೇರಿಸಲು ಹೋದಾಗ ತೊಡಕು ಆರಂಭವಾಗುತ್ತದೆ. ಅಮೆರಿಕದ ಪೌರರು ಈ ವೀಸಾದಲ್ಲಿ ಒಮ್ಮೆಗೆ 180 ದಿನಗಳಿಗಿಂತ ಹೆಚ್ಚು ಇರುವಂತಿಲ್ಲ. ಪ್ರವಾಸಿ ವೀಸಾದಲ್ಲಿ ಬಂದವರು ಭಾರತದೊಳಗಿನಿಂದ ಸಾಗರೋತ್ತರ ಭಾರತೀಯ ನಾಗರಿಕ ಕಾರ್ಡಿಗೆ, ಅಂದರೆ ಒಸಿಐ ಕಾರ್ಡಿಗೆ, ಅರ್ಜಿ ಸಲ್ಲಿಸುವಂತೆಯೂ ಇಲ್ಲ. ಆದಕಾರಣ ಮರಳುವ ತೀರ್ಮಾನವಾದ ಕೂಡಲೆ ಅಲ್ಲಿಯೇ ಒಸಿಐ ಕಾರ್ಡ್ ಮಾಡಿಸುವುದು ಸರಿಯಾದ ಕ್ರಮ. ತಂದೆತಾಯಿಗಳಲ್ಲಿ ಒಬ್ಬರಾದರೂ ಭಾರತೀಯ ನಾಗರಿಕರಾಗಿರುವ ಅಪ್ರಾಪ್ತ ಮಕ್ಕಳು ಸಾಮಾನ್ಯವಾಗಿ ಇದಕ್ಕೆ ಅರ್ಹರು. 2005ರಲ್ಲಿ ಆರಂಭವಾದ ಈ ವ್ಯವಸ್ಥೆಯಲ್ಲಿ ಮತದಾನ, ಕೃಷಿಭೂಮಿಯ ಖರೀದಿ ಮೊದಲಾದವುಗಳಿಗೆ ಅವಕಾಶವಿಲ್ಲ. ಆದರೆ ಎಷ್ಟು ಕಾಲವಾದರೂ ನೋಂದಣಿಯಿಲ್ಲದೆ ಇಲ್ಲಿ ವಾಸಿಸಬಹುದು. ಅಜ್ಜಿ ಅಲ್ಲಿ ಎಣಿಸುವ ದಿನಗಳನ್ನು ಮೊಮ್ಮಗಳು ಇಲ್ಲಿ ಎಣಿಸಬೇಕಾಗುವುದಿಲ್ಲ.

ಹೊರಡುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆಗಳು

1. ನಾನು ಹೋಗುತ್ತಿರುವುದು ಭೇಟಿಗೋ ನೆಲೆಸುವುದಕ್ಕೋ? ನೆಲೆಸುವ ಉದ್ದೇಶವನ್ನು ಮನಸ್ಸಿನಲ್ಲಿಟ್ಟುಕೊಂಡು ಭೇಟಿಯೆಂದು ಹೇಳುವುದು ಸುಳ್ಳು ಹೇಳಿಕೆಯಾಗುತ್ತದೆ. ಅದರ ಫಲವನ್ನು ಮುಂದೆ ಮಕ್ಕಳ ಅರ್ಜಿಯ ಕಾಲದಲ್ಲಿ ಅನುಭವಿಸಬೇಕಾದೀತು.

2. ನನ್ನ ಮಕ್ಕಳ ಈಗಿನ ಸ್ಥಾನಮಾನದಲ್ಲಿ ನನಗೆ ವಾಸದ ಅನುಮತಿ ದೊರೆಯುವ ಮಾರ್ಗವಿದೆಯೇ? ಇದ್ದರೆ ಎಷ್ಟು ಕಾಲ ಹಿಡಿಯುತ್ತದೆ?

3. ಒಳಗೆ ಬಂದ ಮೇಲೆ ನನಗೆ ನೀಡಿದ ಕೊನೆಯ ದಿನಾಂಕ ಯಾವುದು? ಅದು ಮನೆಯಲ್ಲಿ ಮತ್ತೊಬ್ಬರಿಗೂ ತಿಳಿದಿದೆಯೇ?

4. ನನ್ನ ಆರೋಗ್ಯ ವಿಮೆಯು ಈಗಾಗಲೇ ಇರುವ ಕಾಯಿಲೆಗಳನ್ನು ಒಳಗೊಂಡಿದೆಯೇ? ಒಂದು ಆಸ್ಪತ್ರೆವಾಸದ ವೆಚ್ಚವನ್ನು ಮಕ್ಕಳು ಭರಿಸಬಲ್ಲರೇ?

5. ಪಿಂಚಣಿ, ತೆರಿಗೆ, ಬ್ಯಾಂಕ್ ವ್ಯವಹಾರಗಳನ್ನು ನಾನಿಲ್ಲದಾಗ ನೋಡಿಕೊಳ್ಳುವವರು ಯಾರು?

6. ನಾಳೆಯೇ ಹಿಂದಿರುಗಬೇಕಾಗಿ ಬಂದರೆ ನಾನು ಇಳಿದುಕೊಳ್ಳುವ ಮನೆ ಯಾವುದು?

ಇವುಗಳಲ್ಲಿ ಆರನೆಯ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಉಳಿದ ಐದಕ್ಕೆ ಉತ್ತರವಿದ್ದರೂ ಪ್ರಯೋಜನ ಕಡಿಮೆ. ವಾಸದ ಅನುಮತಿ ಕೈಗೆ ಬಂದು, ಅಲ್ಲಿನ ಹವೆ, ಏಕಾಂತ, ಮಕ್ಕಳ ದಿನಚರಿ ಇವೆಲ್ಲ ಒಗ್ಗುತ್ತವೆಂದು ಒಂದೆರಡು ವರ್ಷಗಳಲ್ಲಿ ಖಚಿತವಾಗುವವರೆಗೆ ಇಲ್ಲಿನ ಮನೆಯನ್ನು ಮಾರದಿರುವುದು ವಿವೇಕ. ಬೇಕಿದ್ದರೆ ಬಾಡಿಗೆಗೆ ಕೊಡಬಹುದು. ಒಂದು ಕೋಣೆಯನ್ನು ತಮಗೆಂದು ಉಳಿಸಿಕೊಳ್ಳಬಹುದು. ವೀಸಾ ಮತ್ತು ತೆರಿಗೆಯ ನಿಯಮಗಳು ಕಾಲಕಾಲಕ್ಕೆ ಬದಲಾಗುವುದರಿಂದ, ಪ್ರತಿ ಪ್ರಯಾಣಕ್ಕೂ ಮುನ್ನ ಆಯಾ ದೇಶದ ಅಧಿಕೃತ ಮಾಹಿತಿಯನ್ನು ಹೊಸದಾಗಿ ನೋಡಬೇಕು. ನೆರೆಮನೆಯವರ ಹೋದ ವರ್ಷದ ಅನುಭವವನ್ನು ನಿಯಮವೆಂದು ತಿಳಿಯಬಾರದು. ಮಕ್ಕಳ ಮನೆಗೆ ಅತಿಥಿಯಾಗಿ ಹೋಗಿ, ಕೊಟ್ಟ ದಿನದೊಳಗೆ ಮರಳಿದವರಿಗೆ ಮುಂದಿನ ವರ್ಷವೂ ಕಾನೂನಿನ ಮುಂದೆ ನಿಸ್ಸಂಕೋಚವಾಗಿ ನಿಂತು ಉತ್ತರ ಹೇಳುವ ಧೈರ್ಯವಿರುತ್ತದೆ.